ದಿನಸಿ ಚೀಟಿಗೆ ದುಡ್ಡು ಕಟ್ಟುವ ಮುಂಚೆ ಇದನ್ನು ಓದಿ

ಯುಗಾದಿ ಮುಗಿದ ಮೇಲೆ ನಮ್ಮ ಕಡೆ ಬೀದಿಬೀದಿಯಲ್ಲೂ ಹೊಸ ಚೀಟಿ ಕಾರ್ಡ್ ಹಂಚುವುದು ಶುರುವಾಗುತ್ತದೆ. ತಿಂಗಳಿಗೆ ಇಷ್ಟು ಕಟ್ಟಿ, ಮುಂದಿನ ಯುಗಾದಿಗೆ ಮನೆ ತುಂಬ ಸಾಮಾನು ತಗೊಳ್ಳಿ ಅಂತ. ಮಟನ್ ಚೀಟಿ, ಪಟಾಕಿ ಚೀಟಿ, ದಿನಸಿ ಚೀಟಿ, ಹೆಸರು ಮಾತ್ರ ಬೇರೆ ಬೇರೆ. ಗುರುತು ಪರಿಚಯದವರೇ ಬಂದು ಕೇಳಿದರೂ ದಯವಿಟ್ಟು ಕಟ್ಟಬೇಡಿ. ಮೈಸೂರಿನ ನಮ್ಮ ಬಡಾವಣೆಯಲ್ಲಿ ಹೀಗೆ ಕಟ್ಟಿದ ಎಷ್ಟೋ ಮನೆಗಳಿಗೆ ಕಟ್ಟಿದ ದುಡ್ಡೂ ಇಲ್ಲ, ದಿನಸಿಯೂ ಇಲ್ಲ. ಆ ಮನೆಗಳಲ್ಲಿ ನಮ್ಮದೂ ಒಂದು.

2024ರ ಯುಗಾದಿ ಆದ ಮೇಲೆ ನಮ್ಮ ಬೀದಿಗೆ ಈ ಕಾರ್ಡ್ ಬಂತು. ತಿಂಗಳಿಗೆ 500 ರೂಪಾಯಿಯಂತೆ 12 ತಿಂಗಳು. ಕೊನೆಗೆ 7,500 ರೂಪಾಯಿಯ ಸಾಮಾನು. ಎರಡು ಮೂಟೆ ಸೋನಾ ಮಸೂರಿ, ಎಣ್ಣೆ, ತೊಗರಿಬೇಳೆ, ಉದ್ದಿನಬೇಳೆ, ಸಕ್ಕರೆ, ಬೆಲ್ಲ, ಒಣಮೆಣಸಿನಕಾಯಿ, ಕಾಫಿಪುಡಿ, ಜೊತೆಗೊಂದು ಸ್ಟೀಲ್ ಪಾತ್ರೆ. ಪಟ್ಟಿ ನೋಡಿದರೆ ಯಾವ ಗೃಹಿಣಿಗೂ ಆಸೆ ಆಗುವ ಹಾಗೇ ಇತ್ತು. ದುಡ್ಡು ವಸೂಲಿ ಮಾಡುತ್ತಿದ್ದುದು ನಮ್ಮ ಹಿಂದಿನ ಬೀದಿಯ ಒಬ್ಬ ಅಕ್ಕ. ಅವರ ಮೇಲೆ ಒಬ್ಬ ಅಂಗಡಿಯವನು. ಹಿಂದಿನ ವರ್ಷ ಕಟ್ಟಿದ್ದವರಿಗೆ ಸಾಮಾನು ಪೂರ್ತಿ ಬಂದಿತ್ತು. ನಾವೇ ಕಣ್ಣಾರೆ ನೋಡಿದ್ದೆವು.

ಆ ಅಕ್ಕ ಹೇಳುತ್ತಿದ್ದ ಮಾತು ಒಂದೇ. "ರೇಟು ದಿನಾ ಏರ್ತಾ ಇದೆ ಕಣಕ್ಕ. ಈಗ ಸೇರಿದ್ರೆ ಇವತ್ತಿನ ರೇಟಿಗೇ ಮುಂದಿನ ವರ್ಷ ಸಾಮಾನು ಸಿಗುತ್ತೆ." ಬೆಲೆ ಏರುವ ಭಯ ಇರುವ ಮನೆಗೆ ಇದಕ್ಕಿಂತ ದೊಡ್ಡ ಸಮಾಧಾನ ಬೇರೆ ಬೇಕಾ? ಸಂಬಳ ಏರದೆ ಅಕ್ಕಿ ಬೇಳೆ ಮಾತ್ರ ಏರುತ್ತಿರುವ ಮನೆಗಳನ್ನೇ ಹುಡುಕಿಕೊಂಡು ಈ ಮಾತು ಬರುತ್ತದೆ. ನನಗೆ ಜಾಸ್ತಿ ಸಿಟ್ಟು ಬರುವುದು ಅದಕ್ಕೇ.

ಆ ಸೆಪ್ಟೆಂಬರ್‌ನಲ್ಲಿ ಎಣ್ಣೆ ಬೆಲೆ ಏರಿತು. ನಮ್ಮ ದೇಶಕ್ಕೆ ಬೇಕಾದ ಅಡುಗೆ ಎಣ್ಣೆಯಲ್ಲಿ ಅರ್ಧಕ್ಕಿಂತ ಹೆಚ್ಚು ಹೊರಗಿನಿಂದಲೇ ಬರುತ್ತದೆ. ಕೇಂದ್ರ ಸರ್ಕಾರ 2024ರ ಸೆಪ್ಟೆಂಬರ್ 14ರಿಂದ ಕಚ್ಚಾ ತಾಳೆ, ಸೋಯಾ, ಸೂರ್ಯಕಾಂತಿ ಎಣ್ಣೆಯ ಆಮದು ಸುಂಕವನ್ನು ಸೆಸ್ ಎಲ್ಲ ಸೇರಿ ಶೇ. 5.5ರಿಂದ 27.5ಕ್ಕೆ ಏರಿಸಿತು. ದಸರಾ ಹೊತ್ತಿಗೆ ನಮ್ಮ ಬೀದಿಯ ಅಂಗಡಿಯಲ್ಲೂ ಅದರ ಬಿಸಿ ತಟ್ಟಿತು. ಆಗ ಚೀಟಿಯವರು ಇನ್ನೂ ಜೋರಾದರು. "ನೋಡಿದ್ರಾ, ನಾವು ಹೇಳಿರಲಿಲ್ವಾ? ಇನ್ನೊಂದು ಕಾರ್ಡ್ ತಗೊಂಡುಬಿಡಿ, ಹಳೇ ಕಂತು ಒಟ್ಟಿಗೆ ಕಟ್ಟಿ" ಅಂದರು. ಅವತ್ತು ಎಷ್ಟೋ ಜನ ಎರಡನೇ ಕಾರ್ಡ್ ತಗೊಂಡರು. ಮನೆಗೆಲಸಕ್ಕೆ ಹೋಗುವ ಒಬ್ಬ ಹೆಂಗಸು ಮಗಳ ಮದುವೆಗೆ ಆಗುತ್ತದೆ ಅಂತ ನಾಲ್ಕು ಕಾರ್ಡ್ ಮಾಡಿಸಿದ್ದರು. ಅವರನ್ನು ನೆನೆದರೆ ಈಗಲೂ ಹೊಟ್ಟೆ ಉರಿಯುತ್ತದೆ.

2025ರ ಮಾರ್ಚ್ ಬಂತು. ಮೊದಲು "ಬಂಡಿಪಾಳ್ಯ ಮಾರ್ಕೆಟ್‌ನಿಂದ ಲೋಡ್ ಬರಬೇಕು" ಅಂದರು. ಆಮೇಲೆ "ಮಾರ್ಚ್ ಕೊನೆ, ಬ್ಯಾಂಕ್ ಲೆಕ್ಕ, ಹಬ್ಬ ಕಳೀಲಿ" ಅಂದರು. ಗಲಾಟೆ ಮಾಡಿದ ಕೆಲವು ಮನೆಗಳಿಗೆ ಮಾತ್ರ ಒಂದಿಷ್ಟು ಸಾಮಾನು ಬಂತು. ಎರಡು ಮೂಟೆ ಅಂದಿದ್ದ ಕಡೆ ಒಂದೇ ಮೂಟೆ, ಅದೂ ಬೇಯಿಸಿದರೆ ಮುದ್ದೆಯಾಗುವ ಹೊಸ ಅಕ್ಕಿ. ಎಣ್ಣೆ ವಿಚಾರದಲ್ಲಿ ಇನ್ನೊಂದು ಕೈಚಳಕ. ಕಾರ್ಡಿನಲ್ಲಿ "ಎಣ್ಣೆ 10 ಪ್ಯಾಕೆಟ್" ಅಂತಷ್ಟೇ ಅಚ್ಚು ಹಾಕಿಸಿದ್ದರು, ಲೀಟರ್ ಅಂತ ಇರಲಿಲ್ಲ. ಒಂದು ಲೀಟರ್ ಸೂರ್ಯಕಾಂತಿ ಎಣ್ಣೆ ಸುಮಾರು 910 ಗ್ರಾಂ ತೂಗುತ್ತದೆ. ಬಂದದ್ದು 850 ಗ್ರಾಂ ಪ್ಯಾಕೆಟ್. ಹತ್ತು ಪ್ಯಾಕೆಟ್‌ಗೆ 600 ಗ್ರಾಂ ಕಡಿಮೆ. ನೋಡಲು ಎರಡೂ ಒಂದೇ ಥರ ಇರುತ್ತವೆ, ಮೂಲೆಯಲ್ಲಿ ಬರೆದ ತೂಕ ಓದಿದರೆ ಮಾತ್ರ ಗೊತ್ತಾಗುವುದು. ಇಂಥ ಪ್ಯಾಕೆಟ್ ಮಾರುವುದು ಕಾನೂನಿಗೆ ವಿರುದ್ಧ ಅಲ್ಲ, ಆದ್ದರಿಂದ ಚೀಟಿ ಇರಲಿ ಬಿಡಲಿ, ಅಂಗಡಿಯಲ್ಲಿ ಎಣ್ಣೆ ತಗೊಳ್ಳುವಾಗಲೂ ತೂಕ ನೋಡಿಯೇ ತಗೊಳ್ಳಿ.

ಹಬ್ಬ ಕಳೆಯಿತು. ಅಂಗಡಿಯ ಶಟರ್ ಎಳೆದದ್ದು ಮತ್ತೆ ತೆಗೆಯಲಿಲ್ಲ. ಫೋನ್ ಸ್ವಿಚ್ ಆಫ್.

ಆಮೇಲೆ ನಡೆದದ್ದು ಇನ್ನೂ ಬೇಜಾರಿನ ವಿಷಯ. ಜನ ಎಲ್ಲ ಆ ಅಕ್ಕನ ಮನೆ ಮುಂದೆ ಹೋಗಿ ನಿಂತರು. ಅವರಿಗೆ ಸಿಗುತ್ತಿದ್ದುದು ಹತ್ತು ಜನರನ್ನು ಸೇರಿಸಿದರೆ ಒಂದು ಕಾರ್ಡ್ ಫ್ರೀ, ಅಷ್ಟೇ. ಅವರ ಅಕ್ಕತಂಗಿಯರ ದುಡ್ಡೂ ಅದರಲ್ಲೇ ಹೋಗಿತ್ತು. ಆದರೂ ಬೈಗುಳ ತಿಂದವರು ಅವರು. ವರ್ಷಗಟ್ಟಲೆ ಒಬ್ಬರ ಮನೆ ಬಾಗಿಲಲ್ಲಿ ಇನ್ನೊಬ್ಬರು ರಂಗೋಲಿ ಹಾಕಿಕೊಟ್ಟ ಬೀದಿ ಅದು. ಈಗ ಎದುರು ಸಿಕ್ಕರೆ ಮುಖ ತಿರುಗಿಸಿಕೊಂಡು ಹೋಗುತ್ತಾರೆ. ನಿಮಗೂ ಯಾರಾದರೂ "ನೀವು ಬೀದಿಯವರನ್ನು ಸೇರಿಸಿ, ನಿಮಗೆ ಕಾರ್ಡ್ ಫ್ರೀ" ಅಂದರೆ ಒಪ್ಪಿಕೊಳ್ಳಬೇಡಿ. ನಾಳೆ ಅಂಗಡಿಯವನು ಓಡಿಹೋಗುತ್ತಾನೆ, ಉತ್ತರ ಹೇಳಬೇಕಾದವರು ನೀವಾಗುತ್ತೀರಿ.

ಇಂಥ ಚೀಟಿಯ ಲೆಕ್ಕ ಯಾಕೆ ಕೂಡುವುದಿಲ್ಲ ಅಂತ ಹೇಳುತ್ತೇನೆ. ವರ್ಷಕ್ಕೆ 6,000 ಕಟ್ಟಿದರೆ 1,500 ಜಾಸ್ತಿ ಕೊಡುತ್ತಾರೆ ಅಂದರೆ ಶೇ. 25 ಅಂತ ಕಾಣುತ್ತದೆ. ಆದರೆ ಮೊದಲ ಕಂತು 12 ತಿಂಗಳು ಅವರ ಹತ್ತಿರ ಇರುತ್ತದೆ, ಕೊನೆಯದು ಒಂದೇ ತಿಂಗಳು. ಸರಾಸರಿ ಆರೂವರೆ ತಿಂಗಳು. ಆ ಲೆಕ್ಕದಲ್ಲಿ ನೋಡಿದರೆ ಅವರು ಕೊಡುತ್ತೇವೆ ಅಂದದ್ದು ವರ್ಷಕ್ಕೆ ಶೇ. 46ರಷ್ಟು ಬಡ್ಡಿ! ಅಕ್ಕಿ, ಬೇಳೆ, ಎಣ್ಣೆ ಮಾರುವ ಕಿರಾಣಿ ಅಂಗಡಿಯವರಿಗೆ ಸಿಗುವ ಲಾಭ ತೀರಾ ಕಡಿಮೆ. ಅದರಲ್ಲಿ ಇಷ್ಟು ಬಡ್ಡಿ ಎಲ್ಲಿಂದ ಬರಬೇಕು? ಹೊಸದಾಗಿ ಸೇರಿದವರ ಕಂತಿನಿಂದ ಹಳಬರಿಗೆ ಸಾಮಾನು ಕೊಡಬೇಕು, ಬೇರೆ ದಾರಿ ಇಲ್ಲ. ಮೊದಲ ವರ್ಷದವರಿಗೆ ಪೂರ್ತಿ ಸಿಗುವುದು ಅದಕ್ಕೇ. ಸೇರುವವರು ಕಡಿಮೆಯಾದ ವರ್ಷ ಎಲ್ಲ ನಿಂತುಹೋಗುತ್ತದೆ. ಆದ್ದರಿಂದ "ಹೋದ ವರ್ಷ ಎಲ್ಲರಿಗೂ ಕೊಟ್ಟಿದ್ದಾರೆ" ಅನ್ನುವುದನ್ನು ಗ್ಯಾರಂಟಿ ಅಂತ ತಿಳಿಯಬೇಡಿ.

ಇವತ್ತಿನ ರೇಟು ಅನ್ನುವ ಮಾತೂ ಪೊಳ್ಳು. ದಿನಸಿ ಬೆಲೆ ಬರೀ ಏರುವುದಿಲ್ಲ, ಇಳಿಯುತ್ತದೆ ಕೂಡ. 2024ರಲ್ಲಿ ತೊಗರಿಬೇಳೆ ಕಿಲೋಗೆ 160 ದಾಟಿ ಉರಿಯುತ್ತಿತ್ತು. ಕಾರ್ಡಿನಲ್ಲಿ ಹಿಡಿದದ್ದೂ ಆ ರೇಟೇ. ಕಲಬುರಗಿ ಕಡೆ ತೊಗರಿ ಕೊಯ್ಲು ಆಗುವುದು ಡಿಸೆಂಬರ್, ಜನವರಿಯಲ್ಲಿ. ಹೊಸ ಬೇಳೆ ಬಂದ ಮೇಲೆ 2025ರ ಯುಗಾದಿ ಹೊತ್ತಿಗೆ ಬೆಲೆ ಸಾಕಷ್ಟು ಇಳಿದಿತ್ತು. ಅಂದರೆ ಸಾಮಾನು ಪೂರ್ತಿ ಬಂದಿದ್ದರೂ ಬೇಳೆಯ ಲೆಕ್ಕದಲ್ಲಿ ನಮಗೆ ನಷ್ಟವೇ.

ಬೆಲೆ ಏರಿಕೆಗೆ ಏನಾದರೂ ಮಾಡಲೇಬೇಕಲ್ವಾ? ಈಗ ನಾವು ನಾಲ್ಕು ಮನೆಯವರು ಸೇರಿ ಇಲ್ಲಿನ ಸಂತೆಪೇಟೆಯ ಸಗಟು ಅಂಗಡಿಗಳಿಂದ ಒಟ್ಟಿಗೆ ತರುತ್ತಿದ್ದೇವೆ. ಸಾಮಾನು ಕಣ್ಣೆದುರು ತೂಗಿದ ಮೇಲೆ ದುಡ್ಡು. ತೊಗರಿಬೇಳೆಯನ್ನು ಸಂಕ್ರಾಂತಿ ಆದ ಮೇಲೆ, ಹುಣಸೆಹಣ್ಣು, ಒಣಮೆಣಸಿನಕಾಯಿಯನ್ನು ಬೇಸಿಗೆ ಶುರುವಿನಲ್ಲಿ ತಂದು ಬಿಸಿಲಿಗೆ ಹಾಕಿ ಎತ್ತಿಡುತ್ತೇವೆ. ನಮ್ಮ ಅತ್ತೆಯವರ ಕಾಲದಲ್ಲಿ ಮಾಡುತ್ತಿದ್ದುದೂ ಇದೇ. ಎಣ್ಣೆ ಟಿನ್ ತಗೊಳ್ಳುವಾಗ 15 ಕಿಲೋನಾ, 15 ಲೀಟರಾ ಅಂತ ಕೇಳಿ. 15 ಕಿಲೋ ಟಿನ್‌ನಲ್ಲಿ ಸುಮಾರು ಹದಿನಾರೂವರೆ ಲೀಟರ್ ಇರುತ್ತದೆ, 15 ಲೀಟರ್ ಟಿನ್ ತೂಗುವುದು ಹದಿಮೂರೂವರೆ ಕಿಲೋ ಚಿಲ್ಲರೆ ಮಾತ್ರ. ಅಕ್ಕಿ ಮೂಟೆಯೂ ಹಾಗೆ. 25 ಕಿಲೋವರೆಗಿನ ಪ್ಯಾಕ್ ಅಕ್ಕಿಗೆ 2022ರ ಜುಲೈನಲ್ಲಿ ಶೇ. 5 ಜಿಎಸ್‌ಟಿ ಬಂದ ಮೇಲೆ 26 ಕಿಲೋ ಮೂಟೆಗಳು ಜಾಸ್ತಿ ಬರುತ್ತಿವೆ. ಮೂಟೆಯ ಬೆಲೆ ಕೇಳಿ ಸುಮ್ನೆ ಬರಬೇಡಿ, ಕಿಲೋಗೆ ಎಷ್ಟು ಬಿತ್ತು ಅಂತ ಲೆಕ್ಕ ಹಾಕಿ.

ತಿಂಗಳು ತಿಂಗಳು ಕಟ್ಟಿದರೇ ದುಡ್ಡು ಉಳಿಯುವುದು ಅನ್ನುವವರು ಬ್ಯಾಂಕಿನಲ್ಲಿ ಒಂದು ವರ್ಷದ ಆರ್‌ಡಿ ಮಾಡಿಸಿ. ಬಡ್ಡಿ ಕಡಿಮೆ ನಿಜ. ಆದರೆ ಯುಗಾದಿಗೆ ಕೈಗೆ ದುಡ್ಡು ಬರುತ್ತದೆ, ಯಾವ ಅಂಗಡಿಯಲ್ಲಿ ಅಗ್ಗವೋ ಅಲ್ಲಿ ತಗೊಳ್ಳಬಹುದು.

ಈಗಾಗಲೇ ಕಟ್ಟಿ ಸಿಕ್ಕಿಹಾಕಿಕೊಂಡವರಿಗೆ ಒಂದೆರಡು ಮಾತು. ಪೊಲೀಸ್ ಠಾಣೆಗೆ ಎಲ್ಲರೂ ಒಟ್ಟಿಗೆ ಹೋಗಿ. "ಚೀಟಿ ವ್ಯವಹಾರ ಅಮ್ಮಾ, ನಿಮ್ಮನಿಮ್ಮಲ್ಲೇ ಬಗೆಹರಿಸಿಕೊಳ್ಳಿ" ಅಂದರೆ ಅಲ್ಲಿಂದ ಎದ್ದು ಬರಬೇಡಿ. 2019ರ ಅನಿಯಂತ್ರಿತ ಠೇವಣಿ ಯೋಜನೆಗಳ ನಿಷೇಧ ಕಾಯ್ದೆ ಇದೆ. ದುಡ್ಡನ್ನು ವಸ್ತುವಿನ ರೂಪದಲ್ಲಿ ವಾಪಸ್ ಕೊಡುತ್ತೇನೆ ಅಂತ ಕಟ್ಟಿಸಿಕೊಂಡರೂ ಅದರಲ್ಲಿ ಠೇವಣಿ ಅಂತಲೇ ಬರುತ್ತದೆ. ಅದರ ಹೆಸರು ಹೇಳಿ, ಬರೆದ ದೂರು ಕೊಟ್ಟು ಸ್ವೀಕೃತಿ ಕೇಳಿ ಪಡೆಯಿರಿ. ಜಿಲ್ಲಾ ಗ್ರಾಹಕರ ಆಯೋಗದಲ್ಲಿ 5 ಲಕ್ಷದವರೆಗಿನ ದೂರಿಗೆ ಶುಲ್ಕ ಇಲ್ಲ, ವಕೀಲರು ಇಲ್ಲದೆಯೂ ನಾವೇ ವಾದಿಸಬಹುದು. ಎರಡು ವರ್ಷದ ಒಳಗೆ ಹಾಕಬೇಕು. ಎಲ್ಲಿಂದ ಶುರು ಮಾಡುವುದು ಅಂತ ತಿಳಿಯದಿದ್ದರೆ 1915ಕ್ಕೆ ಫೋನ್ ಮಾಡಿ, ಅದು ಗ್ರಾಹಕರ ಸಹಾಯವಾಣಿ.

ದೂರು ಕೊಡುವಾಗ ನಮ್ಮ ಬೀದಿಯವರಲ್ಲಿ ಎರಡು ಪಂಗಡ ಆಯಿತು. ಫೋನಿನಲ್ಲಿ ದುಡ್ಡು ಹಾಕಿದವರ ಹತ್ತಿರ ತಾರೀಖು, ಮೊತ್ತ, ಯಾರ ಖಾತೆಗೆ ಹೋಯಿತು ಎಲ್ಲ ಇತ್ತು. ಕೈಯಲ್ಲಿ ಕೊಟ್ಟವರಿಗೆ ಇದ್ದ ಒಂದೇ ಸಾಕ್ಷಿ ಆ ಕಾರ್ಡ್. ಅದನ್ನೂ ಎಷ್ಟೋ ಜನರಿಂದ ಫೆಬ್ರವರಿಯಲ್ಲೇ "ಹೊಸ ಪುಸ್ತಕಕ್ಕೆ ಬರೆದುಕೊಳ್ಳಬೇಕು, ಸಾಮಾನು ಕೊಡುವ ದಿನ ವಾಪಸ್ ಕೊಡುತ್ತೇವೆ" ಅಂತ ಇಸಿದುಕೊಂಡು ಹೋಗಿದ್ದರು. ನಾಲ್ಕು ಕಾರ್ಡ್ ಮಾಡಿಸಿದ್ದ ಆ ಹೆಂಗಸು ನಾಲ್ಕನ್ನೂ ಕೊಟ್ಟುಬಿಟ್ಟಿದ್ದರು. ಈಗ ಅವರ ದೂರಿಗೆ ಅಕ್ಕಪಕ್ಕದವರ ಹೇಳಿಕೆ ಬರೆಸುತ್ತಿದ್ದೇವೆ. ನಿಮ್ಮ ಕೈಯಲ್ಲಿ ಇಂಥ ಕಾರ್ಡ್ ಇದ್ದರೆ ಇವತ್ತೇ ಎರಡೂ ಬದಿ ಫೋಟೊ ತೆಗೆದು ಮನೆಯವರ ಫೋನಿಗೂ ಕಳಿಸಿ. ಯಾರು ಕೇಳಿದರೂ ಫೋಟೊ ತೋರಿಸಿ, ಕಾರ್ಡ್ ಮಾತ್ರ ಕೈಬಿಡಬೇಡಿ.