ಗಂಗಾವತಿಯ ಮನೆಯಲ್ಲಿ ಕ್ವೆಸ್ಟ್ 3ಎಸ್: ದೀಪಾವಳಿಯಿಂದ ಬೇಸಿಗೆಯವರೆಗಿನ ಅನುಭವ

ಅಮೆರಿಕದಲ್ಲಿ ಕೆಲಸದಲ್ಲಿರುವ ಅಕ್ಕನ ಮಗ ದೀಪಾವಳಿಗೆ ಊರಿಗೆ ಬಂದಾಗ ತನ್ನ ಮೆಟಾ ಕ್ವೆಸ್ಟ್ 3ಎಸ್ ಎಂಬ ವಿಆರ್ ಹೆಡ್‌ಸೆಟ್ಟನ್ನು, ಎಂದರೆ ಕಣ್ಣಿಗೆ ಕಟ್ಟಿಕೊಂಡರೆ ಸುತ್ತಲೂ ಬೇರೊಂದು ಲೋಕವನ್ನೇ ತೋರಿಸುವ ಯಂತ್ರವನ್ನು, ನಮ್ಮ ಮನೆಯಲ್ಲಿಯೇ ಬಿಟ್ಟುಹೋದನು. 2024ರ ಅಕ್ಟೋಬರಿನಲ್ಲಿ ಬಿಡುಗಡೆಯಾದ ಈ ಮಾದರಿಗೆ ಆಗ ಅಲ್ಲಿನ ಆರಂಭದ ಬೆಲೆ 299.99 ಡಾಲರ್ ಇತ್ತು. ಕಂಪ್ಯೂಟರಿನ ಹಂಗಿಲ್ಲದೆ ತಾನೇ ನಡೆಯುವ ಯಂತ್ರವಿದು. ಒಮ್ಮೆ ಚಾರ್ಜ್ ಮಾಡಿದರೆ ಸುಮಾರು ಎರಡೂವರೆ ಗಂಟೆ ಬಳಸಬಹುದು.

ಮೊದಲ ಎರಡು ದಿನ ನನಗೆ ಎಲ್ಲವೂ ಮಸುಕಾಗಿ ಕಂಡು, ಹಣೆ ನೋಯುತ್ತಿತ್ತು. ಕನ್ನಡಕದ ಅಂಗಡಿಗೆ ಹೋಗಿ ಎರಡು ಕಣ್ಣುಪಾಪೆಗಳ ನಡುವಿನ ಅಂತರವನ್ನು ಅಳೆಸಿದ ಮೇಲೆ ಕಾರಣ ತಿಳಿಯಿತು. ನನ್ನ ಅಂತರ 59 ಮಿಲಿಮೀಟರ್. ಮಸೂರಗಳು ಮಾತ್ರ ಅಳಿಯನ ಕಣ್ಣಿಗೆ ಹೊಂದುವಂತೆ 68ರಲ್ಲಿದ್ದವು. ಇದರಲ್ಲಿ 58, 63, 68 ಎಂಬ ಮೂರು ನೆಲೆಗಳಿದ್ದು, ಮಸೂರಗಳನ್ನು ಕೈಯಿಂದಲೇ ಸರಿಸಬೇಕು. 58ಕ್ಕೆ ಸರಿಸಿದ ಕೂಡಲೇ ಅಕ್ಷರಗಳು ಸ್ಪಷ್ಟವಾದವು. ಮನೆಯ ಮಂದಿಯೆಲ್ಲ ಒಂದೇ ಹೆಡ್‌ಸೆಟ್ ಹಾಕಿಕೊಳ್ಳುವುದಾದರೆ ಎಲ್ಲಕ್ಕಿಂತ ಮೊದಲು ಮಾಡಬೇಕಾದ ಕೆಲಸ ಇದೇ ಎಂದು ನಾನು ಒತ್ತಿ ಹೇಳುತ್ತೇನೆ.

ನಾನು ಹೆಚ್ಚಾಗಿ ಆಡಿದ್ದು ಟೇಬಲ್ ಟೆನ್ನಿಸ್. ಚೆಂಡಿನ ಪುಟಿತ, ತಿರುಗು, ಬ್ಯಾಟಿಗೆ ತಾಗುವ ಸದ್ದು ಎಲ್ಲವೂ ಎಷ್ಟು ನೈಜವಾಗಿವೆಯೆಂದರೆ, ಕಾಲೇಜು ಬಿಟ್ಟು ಇಪ್ಪತ್ತು ವರ್ಷಗಳ ಮೇಲೆ ನನ್ನ ಮಣಿಕಟ್ಟಿಗೆ ಹಳೆಯ ಸರ್ವಿಸ್ ಮರಳಿ ಬಂದಿತು. ಆದರೆ ಕುಳಿತಲ್ಲಿಯೇ ಗುಂಡಿ ಒತ್ತಿ ಓಡಾಡುವ ಆಟಗಳು ಹತ್ತೇ ನಿಮಿಷದಲ್ಲಿ ವಾಕರಿಕೆ ತರಿಸಿದವು. ಓಡುತ್ತಿದ್ದೇವೆಂದು ಕಣ್ಣು ಹೇಳುವಾಗ, ದೇಹದ ಸಮತೋಲವನ್ನು ಅರಿಯುವ ಒಳಗಿವಿ ಅದನ್ನು ಒಪ್ಪದಿರುವುದೇ ಈ ತೊಂದರೆಗೆ ಮೂಲ. ನಿಂತು ಆಡುವಾಗ ದೇಹದ ಚಲನೆ ಮತ್ತು ನೋಟ ಒಂದೇ ಆಗಿರುವುದರಿಂದ ನನಗೆ ಒಮ್ಮೆಯೂ ಹಾಗಾಗಲಿಲ್ಲ.

ಜಾಗದ ಪ್ರಶ್ನೆ ಹೆಚ್ಚು ಕಠಿಣವಾದುದು. ಎರಡು ಮೀಟರ್ ಉದ್ದ, ಎರಡು ಮೀಟರ್ ಅಗಲದ ತೆರವು ಬೇಕು. ನಮ್ಮ ಪಡಸಾಲೆಯಲ್ಲಿ ಮಂಚ ಮತ್ತು ಕೂಲರ್ ಸರಿಸಿದರೆ ಅಷ್ಟು ಸಿಗುತ್ತದೆ, ಆದರೆ ಕೈ ಎತ್ತಿದರೆ ಫ್ಯಾನಿನ ಭಯ. ನಮ್ಮ ಕಡೆಯ ಮನೆಗಳಲ್ಲಿ ನಿಜವಾದ ಬಯಲೆಂದರೆ ಮಾಳಿಗೆ. ಹಗಲಿನಲ್ಲಿ ಅಲ್ಲಿ ಬಳಸುವಂತಿಲ್ಲ, ಏಕೆಂದರೆ ಬಿಸಿಲು ಮಸೂರದ ಮೂಲಕ ಒಂದೆಡೆ ಕೂಡಿ ಒಳಗಿನ ಪರದೆಯನ್ನು ಸುಟ್ಟುಬಿಡುತ್ತದೆ. ರಾತ್ರಿ ತಂಪು ಗಾಳಿಯಿದ್ದರೂ ಕತ್ತಲ ಬಯಲಿನಲ್ಲಿ ಹೆಡ್‌ಸೆಟ್ಟಿನ ಕ್ಯಾಮೆರಾಗಳಿಗೆ ಸುತ್ತಲಿನ ಗುರುತು ಸರಿಯಾಗಿ ಸಿಗದೆ ಯಂತ್ರವು ನಮ್ಮ ನೆಲೆಯನ್ನು ಕಳೆದುಕೊಳ್ಳಬಹುದು. ಮಾರ್ಚ್ ಕಳೆದ ಮೇಲೆ ಪಡಸಾಲೆಯಲ್ಲಿಯೂ ಕಷ್ಟವಾಯಿತು. 514 ಗ್ರಾಂ ತೂಕದ ಹೆಡ್‌ಸೆಟ್ಟಿನ ಕೆಳಗೆ ಬೆವರು ಇಳಿದು ಮಸೂರಕ್ಕೆ ಮಂಜು ಕವಿಯುತ್ತಿತ್ತು. ಕೂಲರಿನ ಹಸಿಗಾಳಿಯಲ್ಲಿ ಅದು ಬೇಗ ಆರುತ್ತಲೂ ಇರಲಿಲ್ಲ. ಈಗ ಬೆಳಿಗ್ಗೆ ಏಳರೊಳಗೆ ಅರ್ಧ ಗಂಟೆ ಆಡಿ ಎತ್ತಿಡುತ್ತೇನೆ.

ಅವ್ವನಿಗೆ ಎಪ್ಪತ್ನಾಲ್ಕು ವರ್ಷ. ಮೊಣಕಾಲು ನೋವಿನಿಂದಾಗಿ ಇಲ್ಲಿಯೇ ಹತ್ತಿರವಿರುವ ಅಂಜನಾದ್ರಿಯ ಮೆಟ್ಟಿಲುಗಳನ್ನೂ ಆಕೆ ಹತ್ತಲಾರಳು. ಒಂದು ಸಂಜೆ ಆಕೆಯನ್ನು ಕುರ್ಚಿಯಲ್ಲಿ ಕೂರಿಸಿ, ಕನ್ನಡಕದ ಮೇಲೆಯೇ ಪಟ್ಟಿಯನ್ನು ಸಡಿಲವಾಗಿ ಕಟ್ಟಿ, ಕಾಶಿಯ ಘಾಟಿನ 360 ಡಿಗ್ರಿ ವೀಡಿಯೊ ತೋರಿಸಿದೆ. ಅದನ್ನು ಚಿತ್ರಿಸಿದ ಕ್ಯಾಮೆರಾ ನೀರಿನ ಅಂಚಿನಲ್ಲಿತ್ತು. ಅವ್ವ ಸೀರೆಯ ನೆರಿಗೆಯನ್ನು ಮೇಲಕ್ಕೆತ್ತಿಕೊಂಡು, ಕಾಲು ಹಿಂದೆ ಸರಿಸಿ, "ಯಪ್ಪಾ, ನೀರು ಕಾಲಿಗೆ ಹತ್ತತಾವು" ಎಂದಳು. ಆಮೇಲೆ ಕೈ ಮುಗಿದು ಬಹಳ ಹೊತ್ತು ಸುಮ್ಮನಿದ್ದಳು. ಕರೆಂಟು ಹೋಗಿ ವೈಫೈ ನಿಂತರೆ ವೀಡಿಯೊ ನಡುವೆ ಕಡಿದುಹೋಗುತ್ತದೆ. ಆದ್ದರಿಂದ ಆಕೆಗೆ ತೋರಿಸಬೇಕಾದುದನ್ನು ಮೊದಲೇ ಇಳಿಸಿಟ್ಟುಕೊಳ್ಳುತ್ತೇನೆ.

ಅಕ್ಕನ ಮೊಮ್ಮಗಳಿಗೆ ಎಂಟು ವರ್ಷ. ಹತ್ತು ವರ್ಷದೊಳಗಿನ ಮಕ್ಕಳಿಗೆ ಇದು ತಕ್ಕದ್ದಲ್ಲವೆಂದು ತಯಾರಕರೇ ಹೇಳಿರುವುದರಿಂದ ಆಕೆ ಎಷ್ಟು ಅತ್ತರೂ ಕೊಟ್ಟಿಲ್ಲ. ಹೆಡ್‌ಸೆಟ್ಟನ್ನು ಕಿಟಕಿಯ ಬಳಿ ಇಟ್ಟಿದ್ದಾಗ ಒಮ್ಮೆ ಬೆಳಗಿನ ಬಿಸಿಲು ಮಸೂರದ ಅಂಚಿನವರೆಗೆ ಬಂದಿದ್ದುದನ್ನು ಕಂಡು ಎದೆ ಝಲ್ಲೆಂದಿತು. ಅಂದಿನಿಂದ ಅದನ್ನು ದಪ್ಪ ಬಟ್ಟೆಯಲ್ಲಿ ಸುತ್ತಿ ಅಲಮಾರಿನಲ್ಲಿಯೇ ಇಡುತ್ತಿದ್ದೇನೆ.