ಕ್ವಾರಿ ಹೊಂಡದಲ್ಲಿ ಸ್ಕೂಬಾ ಕಲಿಸ್ತೀವಿ ಅಂದರೆ ಹೋಗಬೇಡಿ

ಚಿಕ್ಕಬಳ್ಳಾಪುರ, ಚಿಂತಾಮಣಿ, ಕೋಲಾರ ಕಡೆ ಕಾಲೇಜು ಹುಡುಗರ ವಾಟ್ಸ್ಆ್ಯಪ್ ಗ್ರೂಪುಗಳಲ್ಲಿ ಒಂದು ಮೆಸೇಜ್ ಓಡಾಡುತ್ತಿದೆ. ‘ಮಳೆಗಾಲದಲ್ಲಿ ನೇತ್ರಾಣಿ ಬಂದ್. ನಮ್ಮಲ್ಲಿ ಒಂದೇ ದಿನದಲ್ಲಿ ಸ್ಕೂಬಾ ಕಲಿಯಿರಿ, ಸರ್ಟಿಫಿಕೇಟ್ ಪಡೆಯಿರಿ.’ ಸ್ಕೂಬಾ ಅಂದರೆ ಗಾಳಿಯ ಸಿಲಿಂಡರ್ ಬೆನ್ನಿಗೆ ಕಟ್ಟಿಕೊಂಡು ನೀರಿನೊಳಗೆ ಇಳಿಯುವುದು. ಮುರುಡೇಶ್ವರದ ಹತ್ತಿರ ಸಮುದ್ರದಲ್ಲಿರುವ ನೇತ್ರಾಣಿ ದ್ವೀಪದಲ್ಲಿ ಮಳೆಗಾಲಕ್ಕೆ ಅದು ಬಂದ್ ಅನ್ನುವುದು ನಿಜ. ಉಳಿದದ್ದು ಯಾವುದೂ ನಿಜವಲ್ಲ. ನನ್ನ ತಮ್ಮ ದುಡ್ಡು ಕಟ್ಟಿ ಹೋದ, ಜೊತೆಗೆ ನಾನೂ ಹೋಗಿದ್ದೆ. ಅವನ ಎಡಗಿವಿಯ ತಮಟೆ ಹರಿದಿದೆ.

ಕಲಿಸಿದ ಜಾಗ ಊರಾಚೆಯ ಹಳೇ ಕಲ್ಲು ಕ್ವಾರಿ. ನಮ್ಮ ಕಡೆ ಇಂಥ ಹೊಂಡಗಳಿಗೇನೂ ಕಮ್ಮಿ ಇಲ್ಲ. ಕಲ್ಲು ತೆಗೆದು ಹಾಗೇ ಬಿಟ್ಟಿರುತ್ತಾರೆ, ಮಳೆನೀರು ನಿಂತಿರುತ್ತದೆ. ಅಂಚಿನಿಂದ ಒಂದು ಹೆಜ್ಜೆ ಮುಂದಿಟ್ಟರೆ ನೇರ ಆಳ. ಕಾಲು ಊರಲು ಜಾಗವೇ ಇಲ್ಲ. ಒಳಗೆ ಚಾಚಿದ ಕೈ ಕೂಡ ಸರಿಯಾಗಿ ಕಾಣುವುದಿಲ್ಲ.

ಹೊಸಬರಿಗೆ ಮೊದಲ ಪಾಠ ಎದೆಮಟ್ಟದ ನೀರಿನಲ್ಲೇ ಆಗಬೇಕು. ಮಾಸ್ಕಿನೊಳಗೆ ನೀರು ಬಿಟ್ಟುಕೊಂಡು ಮೂಗಿನಿಂದ ಊದಿ ಹೊರಹಾಕುವುದು. ಸಿಲಿಂಡರಿನ ಗಾಳಿಯನ್ನು ಬಾಯಿಗೆ ಕೊಡುವ ರೆಗ್ಯುಲೇಟರನ್ನು ಬಾಯಿಂದ ತೆಗೆದು ಮತ್ತೆ ಹಾಕಿಕೊಳ್ಳುವುದು. ಜೊತೆಗಾರನ ಎರಡನೇ ರೆಗ್ಯುಲೇಟರಿನಿಂದ ಉಸಿರಾಡುವುದು. ಮೊದಲ ಸಲ ಎಲ್ಲರೂ ಗಾಬರಿಯಾಗುತ್ತಾರೆ. ಗಾಬರಿಯಾದರೆ ಎದ್ದು ನಿಂತುಕೊಂಡರಾಯಿತು. ಅದಕ್ಕೇ ಈಜುಕೊಳ ಬೇಕು. ಈ ಹೊಂಡದಲ್ಲಿ ಎದ್ದು ನಿಲ್ಲುವುದು ಎಲ್ಲಿ?

ಅಲ್ಲಿ ನಡೆದದ್ದು ಇಷ್ಟು. ಒಬ್ಬನೇ ಟ್ರೈನರ್, ಹನ್ನೆರಡು ಹುಡುಗರು. ಹೊಸಬರು ಮೊದಲು ಮಾಡುವ ಓಪನ್ ವಾಟರ್ ಕೋರ್ಸಿನಲ್ಲಿ ಒಬ್ಬ ಬೋಧಕನ ಕೈಗೆ ಹೊರಗಿನ ನೀರಿನಲ್ಲಿ ಎಂಟಕ್ಕಿಂತ ಜಾಸ್ತಿ ಜನರನ್ನು ಕೊಡುವ ಹಾಗಿಲ್ಲ. ಆಸ್ತಮಾ ಇದೆಯಾ, ಫಿಟ್ಸ್ ಬಂದಿತ್ತಾ, ಕಿವಿಯ ತೊಂದರೆ ಇದೆಯಾ ಅಂತ ಕೇಳುವ ಆರೋಗ್ಯದ ಫಾರಂ ಇರಬೇಕು. ಕೊಟ್ಟದ್ದು ‘ಏನಾದರೂ ಆದರೆ ನಾನೇ ಹೊಣೆ’ ಅನ್ನುವ ಒಂದು ಹಾಳೆ ಮಾತ್ರ. ತಮ್ಮನಿಗೆ ಎರಡು ದಿನದಿಂದ ನೆಗಡಿ ಇತ್ತು. ನಾನೇ ಹೇಳಿದೆ. ‘ನೀರಿಗಿಳಿದರೆ ಬಿಟ್ಟುಹೋಗುತ್ತೆ ಮೇಡಂ’ ಅಂದ ಟ್ರೈನರ್. ನೆಗಡಿ ಇದ್ದಾಗ ಮೂಗಿನಿಂದ ಕಿವಿಗೆ ಹೋಗುವ ಕೊಳವೆ ಊದಿಕೊಂಡು ಮುಚ್ಚಿಕೊಂಡಿರುತ್ತದೆ. ಅದು ತೆರೆಯದೆ ಒತ್ತಡ ಸರಿಹೋಗುವುದಿಲ್ಲ. ನೆಗಡಿಯವರನ್ನು ನೀರಿಗೆ ಇಳಿಸಬಾರದು ಅನ್ನುವುದು ಈ ವಿದ್ಯೆಯ ಮೊದಲ ಪಾಠಗಳಲ್ಲೊಂದು.

ಹತ್ತು ಮೀಟರ್ ಇಳಿದರೆ ಒತ್ತಡ ಹೆಚ್ಚುಕಡಿಮೆ ಎರಡರಷ್ಟಾಗುತ್ತದೆ. ಹಾಗಾಗಿ ಕಿವಿಗೆ ಪೆಟ್ಟು ಬೀಳುವುದು ಮೇಲಿನ ಕೆಲವೇ ಮೀಟರುಗಳಲ್ಲಿ. ಒಂದೊಂದು ಅಡಿ ಇಳಿಯುವಾಗಲೂ ಮೂಗು ಹಿಡಿದು ಮೆಲ್ಲಗೆ ಊದಬೇಕು. ನೋವು ಬಂದರೆ ನಿಲ್ಲಬೇಕು, ಸ್ವಲ್ಪ ಮೇಲೆ ಬರಬೇಕು. ಇದನ್ನು ಹೇಳಿಕೊಡುವ ಬದಲು ಆತ ಇವನ ಸಿಲಿಂಡರಿನ ಹಿಡಿ ಹಿಡಿದು ಕೆಳಕ್ಕೆ ಎಳೆದುಕೊಂಡು ಹೋದ. ನನ್ನ ತಮ್ಮ ತನ್ನ ಕಿವಿ ತೋರಿಸಿ ಕೈ ಆಡಿಸಿದನಂತೆ. ಆತ ಹೆಬ್ಬೆರಳು-ತೋರುಬೆರಳು ಸೇರಿಸಿ ‘ಓಕೆ’ ತೋರಿಸಿದನಂತೆ.

ಕಿವಿಯಲ್ಲಿ ‘ಟಪ್’ ಅಂತಂತೆ. ತಣ್ಣೀರು ಒಳಗೆ ನುಗ್ಗಿತು. ಹಾಗೆ ನುಗ್ಗಿದರೆ ತಲೆ ಗಿರ್ರನೆ ತಿರುಗುತ್ತದೆ, ಮೇಲೆ ಯಾವುದು ಕೆಳಗೆ ಯಾವುದು ಗೊತ್ತಾಗುವುದಿಲ್ಲ. ಅವನು ಹೇಗೋ ಬಡಿದುಕೊಂಡು ಮೇಲೆ ಬಂದ. ಮೂಗಿನಲ್ಲಿ ರಕ್ತ, ಬಂಡೆಯ ಮೇಲೆ ಕೂತವನೇ ವಾಂತಿ ಮಾಡಿಕೊಂಡ. ‘ಅಕ್ಕ, ನನ್ನ ಕೈ ಬಿಡಬೇಡ’ ಅಂತಿದ್ದ, ಇಪ್ಪತ್ತು ವರ್ಷದ ಹುಡುಗ. ಗಾಬರಿಯಲ್ಲಿ ಉಸಿರು ಬಿಗಿಹಿಡಿದು ಬಂದಿದ್ದರೆ ಶ್ವಾಸಕೋಶಕ್ಕೇ ಪೆಟ್ಟಾಗುತ್ತಿತ್ತು. ಸಿಲಿಂಡರಿನ ಗಾಳಿ ಉಸಿರಾಡುತ್ತಿರುವಾಗ ಉಸಿರು ಹಿಡಿದು ನಾಲ್ಕು ಅಡಿ ಏರಿದರೂ ಸಾಕು, ಅಪಾಯವಾಗುತ್ತದೆ. ‘ಉಸಿರು ಯಾವತ್ತೂ ಹಿಡಿಯಬೇಡಿ’ ಅನ್ನುವ ಒಂದು ಮಾತನ್ನೂ ಆತ ಯಾರಿಗೂ ಹೇಳಿರಲಿಲ್ಲ. ಇದನ್ನು ನೆನೆದರೆ ಈಗಲೂ ಹೊಟ್ಟೆ ತೊಳಸುತ್ತದೆ.

ಕಿವಿ ಸಾಮಾನ್ಯವಾಗಿ ಕೆಲವು ವಾರಗಳಲ್ಲಿ ತಾನೇ ಕೂಡಿಕೊಳ್ಳುತ್ತದೆ, ಅಲ್ಲಿವರೆಗೆ ಒಂದು ಹನಿ ನೀರೂ ತಾಗಬಾರದು ಅಂದಿದ್ದಾರೆ ಇಎನ್‌ಟಿ ಡಾಕ್ಟರ್.

ಇನ್ನೊಂದು ವಿಷಯ. ಚಿಕ್ಕಬಳ್ಳಾಪುರ ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದಲ್ಲಿದೆ. 300 ಮೀಟರ್ ದಾಟಿದ ಜಾಗದಲ್ಲಿ ಡೈವ್ ಮಾಡಲು ಎಷ್ಟು ಆಳ, ಎಷ್ಟು ಹೊತ್ತು ಅನ್ನುವ ಲೆಕ್ಕವೇ ಬೇರೆ, ಸಮುದ್ರದ ಲೆಕ್ಕ ನಡೆಯುವುದಿಲ್ಲ. ಕೇಳಿದ್ದಕ್ಕೆ ‘ನೀರು ನೀರೇ ಅಲ್ವಾ ಮೇಡಂ’ ಅಂದ ಆ ಟ್ರೈನರ್. ಇಷ್ಟೂ ಗೊತ್ತಿಲ್ಲದವನು ಬೇರೆಯವರ ಮಕ್ಕಳನ್ನು ನೀರಿಗೆ ಇಳಿಸುತ್ತಿದ್ದಾನೆ.

ಒಂದೇ ದಿನದಲ್ಲಿ ಸರ್ಟಿಫಿಕೇಟ್ ಅಂದರೆ ಅಲ್ಲಿಗೇ ಮಾತು ನಿಲ್ಲಿಸಿ. ಡೈವಿಂಗ್ ಸರ್ಟಿಫಿಕೇಟ್ ಕೊಡುವ ಅಂತರರಾಷ್ಟ್ರೀಯ ಸಂಸ್ಥೆ ಪ್ಯಾಡಿಯ ಓಪನ್ ವಾಟರ್ ಕೋರ್ಸಿಗೆ 200 ಮೀಟರ್ ಈಜಿ ತೋರಿಸಬೇಕು, ಹತ್ತು ನಿಮಿಷ ತೇಲಬೇಕು, ಈಜುಕೊಳದ ಪಾಠ ಮುಗಿಸಿ ಹೊರಗಿನ ನೀರಿನಲ್ಲಿ ನಾಲ್ಕು ಡೈವ್ ಮಾಡಬೇಕು. ಬೋಧಕರ ನಂಬರ್ ಕೇಳಿ ಪ್ಯಾಡಿ ವೆಬ್‌ಸೈಟಿನಲ್ಲಿ ಹಾಕಿ ನೋಡಬಹುದು. ನಂಬರ್ ಕೇಳಿದರೆ ಸಿಡುಕುವವರ ಹತ್ತಿರ ಹೋಗಲೇಬೇಡಿ.

ಆಸೆ ಇದ್ದರೆ ಮಳೆಗಾಲ ಕಳೆಯಲಿ, ಮುರುಡೇಶ್ವರಕ್ಕೆ ಹೋಗಿ ನೇತ್ರಾಣಿಯಲ್ಲೇ ಇಳಿಯಿರಿ. ಆದರೆ ನೀರಿಂದ ಎದ್ದ ಕೂಡಲೇ ಬಸ್ ಹತ್ತಬೇಡಿ. ಮೈಯಲ್ಲಿ ಕರಗಿದ ನೈಟ್ರೋಜನ್ ಹೊರಹೋಗುವ ಮೊದಲೇ ಎತ್ತರಕ್ಕೆ ಹೋದರೆ ಅಪಾಯ. ಒಂದು ಡೈವ್ ಆದರೆ 12 ಗಂಟೆ, ಹಲವು ಆದರೆ 18 ಗಂಟೆ ಬಿಟ್ಟು ವಿಮಾನ ಹತ್ತಬೇಕು ಅನ್ನುತ್ತಾರೆ. ಘಾಟಿ ಹತ್ತಿ ನಮ್ಮ ಎತ್ತರಕ್ಕೆ ಬರುವವರೂ ಅಷ್ಟು ಹೊತ್ತು ಕಾಯುವುದು ಒಳ್ಳೆಯದು. ಅಲ್ಲೇ ಒಂದು ರಾತ್ರಿ ಉಳಿದು ಬನ್ನಿ.