ಸಂಸಾರ ಇದ್ದೋರಿಗೆ ಜೈನ ದಾರಿನೋ ಬೌದ್ಧ ದಾರಿನೋ?

ಮನಿ-ಮಕ್ಕಳನ್ನ ಬಿಡದಂಗ ಇವೆರಡರಾಗ ಒಂದು ಹಿಡೀಬೇಕು ಅನ್ನೋರು ಮೊದ್ಲು ನಿಮ್ಮ ಅಡಿಗಿಮನಿ ನೋಡ್ಕೊಳ್ರಿ. ಜೈನ ಶ್ರಾವಕರಿಗೆ, ಅಂದ್ರ ಸಂಸಾರಸ್ಥ ಜೈನರಿಗೆ, 12 ವ್ರತ, ಅದರಾಗ 5 ಅಣುವ್ರತ (ಮುನಿಗಳ ವ್ರತಗಳ ಸಣ್ಣ ರೂಪ), ಕಟ್ಟುನಿಟ್ಟಾಗಿ ಪಾಲಿಸೋರು ಹೊತ್ತು ಮುಳುಗಿದ ಮ್ಯಾಲ ಉಣ್ಣಂಗಿಲ್ಲ, ಉಳ್ಳಾಗಡ್ಡಿ ಬಳ್ಳೊಳ್ಳಿ ಆಲೂಗಡ್ಡಿ ಎಲ್ಲಾ ಬಂದ್, ಸಂಜಿಗೆ ಮಂಡಕ್ಕಿ ಮಿರ್ಚಿ ಇಲ್ದ ಇರಂಗಿಲ್ಲ ಅನ್ನೋ ನಮ್ಮ ಕೊಪ್ಪಳ ಮಂದಿಗೆ ಸ್ವಲ್ಪ ಕಷ್ಟನ ಬಿಡ್ರಿ. ಆದ್ರ ಗೃಹಸ್ಥರಿಗೆ ಅಲ್ಲಿ ಕೈತುಂಬ ಕೆಲಸ ಐತಿ. ದಿಗಂಬರ ಮುನಿಗಳು ದಿನಕ್ಕ ಒಂದೇ ಸಲ, ನಿಂತ್ಕೊಂಡು, ಅಂಗೈಯಾಗ ಉಣ್ತಾರ, ತುತ್ತು ಇಡೋರು ಶ್ರಾವಕರು, ಅದ್ರಾಗ ಒಂದು ಕೂದ್ಲು ಸಿಕ್ರೂ ಅಂತರಾಯ (ಅಡ್ಡಿ) ಅಂತ ಆವತ್ತಿನ ಊಟ ಅಲ್ಲಿಗೇ ಮುಗೀತು, ಬಡಿಸೋರ ಎದಿ ಡವಡವ!

ಬೌದ್ಧ ಉಪಾಸಕರಿಗೆ, ಅಂದ್ರ ಸಂಸಾರದಾಗಿನ ಬೌದ್ಧರಿಗೆ, ತ್ರಿಶರಣ (ಬುದ್ಧ, ಧಮ್ಮ, ಸಂಘಕ್ಕ ಶರಣು ಹೋಗೋದು), ಪಂಚಶೀಲ (5 ನಡತಿ ನಿಯಮ), ಉಪೋಸಥದ ದಿನ (ಹುಣ್ಣಿಮಿ, ಅಮಾಸಿಯಂಥ ವ್ರತದ ದಿನ) 8 ಶೀಲ. ಭಿಕ್ಷುಗಳಿಗೆ ದಾನ ಇಲ್ಲೂ ಐತಿ, ದಿನದ ಕಟ್ಟುಪಾಡು ಮಾತ್ರ ಕಡಿಮಿ, ಹೊಸದಾಗಿ ಶುರು ಮಾಡೋರಿಗೆ ಇದ ಸುಲಭ ಅಂತೀನಿ ನಾನು. ಅಂಬೇಡ್ಕರ್ 1956ರಾಗ ನಾಗಪುರದಾಗ ಬೌದ್ಧ ದೀಕ್ಷೆ ಹೊತ್ತಿಗೆ ಕೊಟ್ಟ 22 ಪ್ರತಿಜ್ಞೆ ತಗೊಳ್ಳೋದಾದ್ರ ಹಳೇ ದೇವರು, ಪೂಜಿ ಎಲ್ಲಾ ಬಿಡಬೇಕು, ಮನ್ಯಾಗ ಮಾತಾಡಿಕೊಂಡ ಮುಂದುವರೀರಿ. ನಿಧಾನ ಆತು ಅಂತ ಚಿಂತಿ ಬ್ಯಾಡ, ನಮ್ಮ ಗವಿಮಠದ ಬಂಡೆಗಲ್ಲಿನ ಶಾಸನದಾಗ ಅಶೋಕನ ಹೇಳ್ಯಾನ, ಉಪಾಸಕ ಆಗಿ ಎರಡೂವರೆ ವರ್ಷದ ಮ್ಯಾಲಾತು, ಮೊದ್ಲಿಗೆ ಅಷ್ಟೇನೂ ಪ್ರಯತ್ನ ಪಟ್ಟಿರ್ಲಿಲ್ಲ ಅಂತ.